ಮಾಲತಿಗೆ ಸಿಕ್ಕ ಹೂಗುಚ್ಛ

ಟೋಕಿಯೋದ ನಿಶಿ ಕಸಾಯಿಯ ಇಂಡಿಯನ್ ಅಂಗಡಿಯಲ್ಲಿ ಬೆಂಡೆಕಾಯಿಯ ತುದಿ ಮುರಿದು ಎಳೆಯದೋ ಬಲಿತದ್ದೋ ನೋಡುತ್ತ ನಿಂತ ಮಾಲತಿಯನ್ನು ಯಾರೂ ಎರಡನೇ ಸಲ ತಿರುಗಿ ನೋಡುವುದಿಲ್ಲ. ನೋಡಬೇಕಾಗಿಯೂ ಇಲ್ಲ, ಅವಳ ಕಸುಬೇ ಅದು. ಜಪಾನಿನ ಟೀವಿಯಲ್ಲಿ ಅವಳು ವರ್ಷಗಟ್ಟಲೆ ಯಾರೂ ತಿರುಗಿ ನೋಡದ ಹೆಂಗಸಾಗಿ ನಟಿಸಿದ್ದಾಳೆ. ಕರ್ರಿ ಹೋಟೆಲಿನ ಗಲ್ಲಾದ ಹಿಂದೆ ಕೂತವಳು, ರಾಯಭಾರಿಯ ಪಾರ್ಟಿಯಲ್ಲಿ ಜ್ಯೂಸ್ ಕುಡಿಯುವವಳು, ವಿಮಾನ ನಿಲ್ದಾಣದಲ್ಲಿ ಯಾರನ್ನೋ ತಬ್ಬಿ ಅಳುವವಳು, ಎಲ್ಲ ಅವಳೇ. ಒಂದು ಪತ್ತೇದಾರಿ ಧಾರಾವಾಹಿಯಲ್ಲಿ ಹೆಣವಾಗಿಯೂ ಮಲಗಿದ್ದಳು. ‘ಉಸಿರು ಬಿಗಿಹಿಡಿದು ಮಲಗೋದು ಅಂದ್ರೆ ಸುಲಭ ಅಂದ್ಕೊಂಡಿದೀರಾ?’ ಎಂದು ಈಗಲೂ ಜಂಬ ಕೊಚ್ಚಿಕೊಳ್ಳುತ್ತಾಳೆ.

ಶುರುವಾದದ್ದು ಒಂದು ಯುಗಾದಿ ಊಟದಲ್ಲಿ. ಆಗ ಮಾಲತಿ ಮೈಸೂರು ಬಿಟ್ಟು ಗಂಡ ಚಂದ್ರಕಾಂತನ ಹಿಂದೆ ಟೋಕಿಯೋಕ್ಕೆ ಬಂದು ಸ್ವಲ್ಪ ಕಾಲವಾಗಿತ್ತು. ಅವನು ಬೆಳಗ್ಗೆ ಎದ್ದು ಮಿನಾಟೋದ ಆಫೀಸಿಗೆ ಹೋದರೆ, ಇವಳು ಮಗಳು ಇಂಚರಾಳನ್ನು ಶಾಲೆಗೆ ಬಿಟ್ಟು ಬಂದು ಗೋಡೆ ನೋಡುತ್ತ ಕೂರಬೇಕಿತ್ತು. ಕನ್ನಡ ಬಳಗದ ನೀರಜಾ ಪಾಯಸ ಬಡಿಸುತ್ತ ಕೇಳಿದಳು, “ಮಾಲತಿ, ಸೀರೆ ಉಟ್ಕೊಂಡು ಕ್ಯಾಮೆರಾ ಮುಂದೆ ಅಳ್ತೀಯಾ? ಟೀವಿಯೋರು ಒಬ್ಬ ಇಂಡಿಯನ್ ಲೇಡೀನ ಹುಡುಕ್ತಿದಾರೆ.”

“ಅಳೋದು ತಾನೇ? ಅದಕ್ಕೇನ್ ಟ್ರೈನಿಂಗ್ ಬೇಕಾ?” ಎಂದು ಮಾಲತಿ ಹೊರಟೇಬಿಟ್ಟಳು. ಹೋಗಿ ಎಷ್ಟು ಚೆನ್ನಾಗಿ ಅತ್ತಳೆಂದರೆ ಲೈಟಿನವನೂ ಕಣ್ಣೊರೆಸಿಕೊಂಡನಂತೆ. ಹೀಗೆಂದು ಹೇಳುವವಳೂ ಅವಳೇ, ನಂಬುವುದು ಬಿಡುವುದು ನಮಗೆ ಸೇರಿದ್ದು. ಅಂತೂ ಆವತ್ತು ಮನೆಗೆ ಬಂದವಳ ಮುಖದಲ್ಲಿ ಗೋಡೆ ನೋಡುವ ಕಳೆ ಇರಲಿಲ್ಲ.

ಜಪಾನಿನ ಶೂಟಿಂಗಿನಲ್ಲಿ ಒಂದು ಪದ್ಧತಿಯಿದೆ. ಒಬ್ಬ ನಟನ ಕೊನೆಯ ಶಾಟು ಮುಗಿದ ಕೂಡಲೇ ಸಹಾಯಕ ನಿರ್ದೇಶಕ ಅವನ ಹೆಸರು ಕೂಗಿ, ಇವರ ಕೆಲಸ ಇಲ್ಲಿಗೆ ಪೂರ್ತಿಯಾಯಿತು ಎಂದು ಸಾರುತ್ತಾನೆ. ಕ್ಯಾಮೆರಾದವರು, ಬಟ್ಟೆಯವರು, ಟೀ ಕೊಡುವವರು ಎಲ್ಲರೂ ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ಚಪ್ಪಾಳೆ ತಟ್ಟುತ್ತಾರೆ. ಯಾರಾದರೂ ಓಡಿಬಂದು ಹೂಗುಚ್ಛ ಕೊಡುತ್ತಾರೆ. ಆದರೆ ಮಾತಿಲ್ಲದೆ ಹಿಂದೆ ನಿಲ್ಲುವವರಿಗೆ ಆ ಮರ್ಯಾದೆ ಇಲ್ಲ. ಅವರು ಬಟ್ಟೆ ವಾಪಸ್ಸು ಕೊಟ್ಟು, ಬಗ್ಗಿ ವಂದಿಸಿ, ಬಸ್ಸು ಹತ್ತಬೇಕು. ಮಾಲತಿ ಎಷ್ಟೋ ಜನರ ಹೂವಿಗೆ ಕೈ ನೋಯುವಷ್ಟು ಚಪ್ಪಾಳೆ ತಟ್ಟಿದ್ದಳು. ಒಂದೇ ಒಂದು ಸಲ ನನ್ನ ಹೆಸರೂ ಹಾಗೆ ಕೂಗಲಿ ಎಂಬ ಆಸೆ ಅವಳಿಗೆ ಹತ್ತಿದ್ದು ಅಲ್ಲಿಯೇ. ಹೊಟ್ಟೆಕಿಚ್ಚು ಅನ್ನಬೇಡಿ. ಕೆಲಸ ಮಾಡಿದವರಿಗೆಲ್ಲ ಇರುವ ಆಸೆಯೇ ಅದು.

ಹೀಗಿರುವಾಗ ಅಮೆರಿಕದ ಸರಣಿಯೊಂದರ ಶೂಟಿಂಗು ಟೋಕಿಯೋಕ್ಕೆ ಬಂತು. ಅದರಲ್ಲಿ ಅಮೆರಿಕನ್ ರಾಯಭಾರ ಕಚೇರಿಯ ಅಧಿಕಾರಿಯ ಪಾತ್ರ ವಾಲ್ಟರ್ ಡೆನಿಸನ್ ಎಂಬ ಹಿರಿಯ ನಟನದು. ಮಾಲತಿಗೆ ಅವನೆಂದರೆ ಪ್ರಾಣ. ಅವನೂ ಮೊದಲು ಹಿಂದೆ ನಿಲ್ಲುವವನೇ. ಟೀವಿಯಲ್ಲಿ ಅವನಾಡಿದ ಮೊದಲ ಮಾತು ‘ಸಾರ್, ನಿಮಗೆ ಫೋನು’ ಎಂಬುದಂತೆ. ಆಮೇಲೆ ಗುಮಾಸ್ತ, ಪೊಲೀಸು, ಡಾಕ್ಟರು ಎಂದು ಸಣ್ಣ ಸಣ್ಣ ಪಾತ್ರಗಳಲ್ಲೇ ಕೂದಲು ನರೆತು, ಬೇರೆಯವರು ಮೂಲೆ ಸೇರುವ ವಯಸ್ಸಿನಲ್ಲಿ ಸಿನಿಮಾಗಳ ದೊಡ್ಡ ಹೆಸರಾದವನು. ಅವನ ಸಂದರ್ಶನಗಳನ್ನೆಲ್ಲ ಮಾಲತಿ ಅಡಿಗೆ ಮಾಡುತ್ತ ಕೇಳಿದ್ದಳು. “ಫೋನು ಅಂತ ಹೇಳಿ ಶುರು ಮಾಡಿದೋನು ಎಲ್ಲಿಗೆ ಹೋದ ನೋಡ್ರೀ” ಎಂದು ಗಂಡನಿಗೆ ಹೇಳುವಳು. “ಫೋನ್ ಬಿಲ್ ಕಟ್ಟೋನು ಮಾತ್ರ ಇಲ್ಲೇ ಇದೀನಿ ಕಣೇ” ಎಂದು ಚಂದ್ರಕಾಂತ ನಗುವನು.

ಆ ಸರಣಿಗೆ ಒಬ್ಬ ತಾಯಿ ಬೇಕಾಗಿದ್ದಳು. ಮಿಸೆಸ್ ರಾವ್ ಎಂದು ಪಾತ್ರದ ಹೆಸರು. ಅಮೆರಿಕದ ಪ್ರಜೆಯಾದ ಅವಳ ಮಗಳು ಟೋಕಿಯೋದಲ್ಲಿ ಕಾಣೆಯಾಗಿರುತ್ತಾಳೆ. ಬೆಳಗ್ಗೆಯಷ್ಟೇ ಇಂಡಿಯಾದಿಂದ ಬಂದಿಳಿದ ತಾಯಿ ನೇರವಾಗಿ ರಾಯಭಾರ ಕಚೇರಿಗೆ ನುಗ್ಗಿ ಅಧಿಕಾರಿಯನ್ನು ದಬಾಯಿಸಬೇಕು. ಮಾಲತಿ ಸೋಫಾದ ಮೇಲೆ ಕೂತು ಇಂಗ್ಲಿಷಿನಲ್ಲಿ ಮಾತು ಹೇಳಿ, ಮಗಳ ಕೈಲಿ ವಿಡಿಯೋ ಮಾಡಿಸಿ ಕಳಿಸಿದಳು. ಅದರಲ್ಲಿ ಮುಖ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಪಾತ್ರ ಸಿಕ್ಕಿಬಿಟ್ಟಿತು! ಸಹಾಯಕ ನಿರ್ದೇಶಕ ಮೋರಿ-ಸಾನ್ ಫೋನು ಮಾಡಿ, ಮಾತಿರುವ ಪಾತ್ರ, ಹೆಸರಿರುವ ಪಾತ್ರ, ಆದ್ದರಿಂದ ಕೊನೆಗೆ ಹೂವು ಉಂಟು ಎಂದ. ಮಾಲತಿ ಫೋನಿಗೇ ಸೊಂಟ ಬಗ್ಗಿಸಿ ಬಗ್ಗಿಸಿ ಅರಿಗಾತೋ ಎಂದು ಥ್ಯಾಂಕ್ಸ್ ಹೇಳಿದಳು.

ಎಡವಟ್ಟಾಗಿದ್ದೂ ಆ ಬಗ್ಗುವುದರಿಂದಲೇ.

ಶೂಟಿಂಗಿನ ದಿನ ಇಂಚರಾಳಿಗೆ ರಜ. ಹದಿನಾರರ ಹುಡುಗಿ, ಅಮ್ಮನ ನಟನೆಯ ಮಾತನ್ನು ಸ್ನೇಹಿತೆಯರ ಮುಂದೆ ಎತ್ತಿದರೆ ಮುಖ ಸಿಂಡರಿಸುವವಳು, ಡೆನಿಸನ್ನನ್ನು ನೋಡುವ ಆಸೆಗೆ ಜೊತೆಯಲ್ಲಿ ಬಂದಳು. ರಾಯಭಾರ ಕಚೇರಿಯ ಸೆಟ್ಟು ಸಿದ್ಧವಾಗಿತ್ತು. ಮೇಜಿನ ಹಿಂದೆ ಡೆನಿಸನ್ ಕೂತ. ಬಾಗಿಲು ತಳ್ಳಿಕೊಂಡು ಮಾಲತಿ ಬಂದಳು, ಮಾತು ಶುರುಮಾಡಿದಳು, ಒಂದೊಂದು ವಾಕ್ಯದ ಕೊನೆಗೂ ಸೊಂಟದಿಂದ ಮೇಲಕ್ಕೆ ಲಕ್ಷಣವಾಗಿ ಬಗ್ಗಿದಳು.

“ಕಟ್!” ಎಂದಳು ನಿರ್ದೇಶಕಿ ಡಾನಾ. ಅಮೆರಿಕದವಳು, ಚುರುಕು ನಾಲಿಗೆಯವಳು. “ಈಯಮ್ಮ ಬೆಳಗ್ಗೆ ತಾನೇ ವಿಮಾನ ಇಳಿದಿದ್ದಾಳೆ. ಜಪಾನಿಯರ ಹಾಗೆ ಬಗ್ಗುವುದನ್ನು ಅವಳಿಗೆ ಕಲಿಸಿದವರು ಯಾರು?”

ಎಲ್ಲರೂ ನಕ್ಕರು. ಮಾಲತಿಯೂ ನಕ್ಕಳು, ನಕ್ಕು ಕ್ಷಮೆ ಕೇಳಿದಳು, ಕೇಳುವಾಗ ಮತ್ತೆ ಬಗ್ಗಿದಳು. ಇನ್ನೊಂದು ಸಲ ಮಾಡಿದರು. ಮಗಳೆಲ್ಲಿ ಎಂದು ಗದರಿಸಬೇಕಾದ ತಾಯಿ ಮತ್ತೆ ನಮ್ರವಾಗಿ ಕುತ್ತಿಗೆ ಇಳಿಸಿದಳು. ಬ್ಯಾಂಕಿನಲ್ಲಿ, ಕೊಂಬಿನಿ ಎಂಬ ಬೀದಿಮೂಲೆಯ ಅಂಗಡಿಯಲ್ಲಿ, ಶಾಲೆಯ ಟೀಚರ ಮುಂದೆ, ಲಿಫ್ಟಿನ ಬಾಗಿಲಲ್ಲಿ ದಿನಾ ಬಗ್ಗಿ ಬಗ್ಗಿ ಮೈಗೆ ಅಂಟಿಹೋದದ್ದು, ಬೇಡ ಎಂದ ಮಾತ್ರಕ್ಕೆ ಬಿಡುತ್ತದೆಯೇ? ಕೈಗಳನ್ನು ಹಿಂದೆ ಕಟ್ಟಿಕೊಂಡು ಮಾಡಿದಳು, ಆಗ ಗದ್ದ ಬಗ್ಗಿತು. ಈ ಸಲ ಯಾರೂ ನಗಲಿಲ್ಲ.

ಮೋರಿ-ಸಾನ್ ಹತ್ತಿರ ಬಂದು “ಸುಮಿಮಾಸೆನ್” ಎಂದು ಮೆಲ್ಲಗೆ ಕ್ಷಮೆ ಕೇಳಿದ. ಬೇಕಿದ್ದರೆ ಮಾತನ್ನೆಲ್ಲ ಕಚೇರಿಯ ಸೆಕ್ರೆಟರಿ ಪಾತ್ರಕ್ಕೆ ಕೊಡಬಹುದು, ಮಾಲತಿ-ಸಾನ್ ಹಿಂದಿನ ಕುರ್ಚಿಯಲ್ಲಿ ಸುಮ್ಮನೆ ಕೂತು ಕಣ್ಣೊರೆಸಿಕೊಂಡರೆ ಸಾಕು, ದಯವಿಟ್ಟು ಬೇಜಾರು ಮಾಡಿಕೊಳ್ಳಬಾರದು. ಅವನ ಮಾತು ಬೆಣ್ಣೆಯ ಹಾಗಿತ್ತು. ಆದರೆ ಹಿಂದಿನ ಕುರ್ಚಿ ಎಂದರೇನೆಂದು ಮಾಲತಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬಟ್ಟೆ ವಾಪಸ್ಸು ಕೊಡು, ಬಸ್ಸು ಹತ್ತು. ಎರಡು ನಿಮಿಷ ಕೊಡಿ ಎಂದು ಕೇಳಿಕೊಂಡು ಮೂಲೆಗೆ ಬಂದು ನಿಂತಳು. ಅಳು ನುಗ್ಗಿ ಬರುತ್ತಿತ್ತು. ಬೇರೆಯವರಿಗಾಗಿ ಅಷ್ಟು ಚೆನ್ನಾಗಿ ಅಳುವವಳಿಗೆ ತನ್ನ ಅಳುವನ್ನು ನುಂಗಲು ಕಷ್ಟವಾಯಿತು.

ಇಂಚರಾ ನೀರಿನ ಬಾಟಲಿ ಹಿಡಿದು ಬಂದಳು.

“ಬಿಡೇ, ನನ್ನ ಕೈಲಾಗಲ್ಲ,” ಎಂದಳು ಮಾಲತಿ. “ಬೆನ್ನು ನನ್ನ ಮಾತೇ ಕೇಳ್ತಿಲ್ಲ.”

“ಅಮ್ಮಾ, ಲಿಸನ್. ಅಜ್ಜಿ ಜೊತೆ ಫೋನಲ್ಲಿ ಮಾತಾಡುವಾಗ ಯೂ ನೆವರ್ ಬೌ. ಗ್ಯಾಸ್ ಆಫೀಸಿಗೆ ಫೋನ್ ಮಾಡಿದಾಗ ಗೋಡೆಗೂ ಬೌ ಮಾಡ್ತೀಯ.”

“ಅಜ್ಜಿ ನಮ್ಮೋರಲ್ವೇನೇ?”

“ಅದಲ್ಲ. ನನ್ನ ಬೈಯುವಾಗ ಬೌ ಮಾಡ್ತೀಯಾ? ಕನ್ನಡದಲ್ಲಿ ಮಾತಾಡುವಾಗ ಯುವರ್ ಬ್ಯಾಕ್ ಈಸ್ ಸ್ಟ್ರೇಟ್. ಆಲ್ವೇಸ್.”

ಮಾಲತಿ ಮಗಳ ಮುಖವನ್ನೇ ನೋಡಿದಳು. ಇಂಗ್ಲಿಷಿನಲ್ಲಿ ಬಾಯಿ ತೆರೆದ ಕೂಡಲೇ ಎದುರಿಗೊಬ್ಬ ಪರಕೀಯ ಇದ್ದಾನೆಂದು ಬೆನ್ನು ತಾನೇ ತೀರ್ಮಾನಿಸಿಬಿಡುತ್ತಿತ್ತು. ಹುಡುಗಿ ಹೇಳಿದ್ದು ಅಕ್ಷರಶಃ ನಿಜ. ಕಣ್ಣೊರೆಸಿಕೊಂಡು ಸೀದಾ ಡಾನಾಳ ಮುಂದೆ ಹೋದಳು. ಮಿಸೆಸ್ ರಾವ್ ಮೈಸೂರಿನವಳು ಅಂದುಕೊಳ್ಳಿ, ಮಗಳನ್ನು ಕಳೆದುಕೊಂಡ ಸಿಟ್ಟಿನಲ್ಲಿ ಅವಳ ಬಾಯಲ್ಲಿ ಬರುವುದು ಕನ್ನಡವೇ, ಒಂದು ಸಲ ನನ್ನ ಮಾತಿನಲ್ಲಿ ಹೇಳಲು ಬಿಡಿ ಎಂದಳು. ಡಾನಾ ಹುಬ್ಬೇರಿಸಿ ಡೆನಿಸನ್ ಕಡೆ ನೋಡಿದಳು. “ನನಗೇನೂ ಅರ್ಥವಾಗುವುದಿಲ್ಲ. ಆ ಅಧಿಕಾರಿಗೂ ಆಗಬಾರದು ತಾನೇ?” ಎಂದ ಮುದುಕ. ಕೊನೆಯ ಸಲ ಎಂಬ ಎಚ್ಚರಿಕೆಯ ಮೇಲೆ ಡಾನಾ ಒಪ್ಪಿದಳು.

ಬಾಗಿಲು ತೆರೆಯಿತು. ಈ ಸಲ ಒಳಗೆ ಬಂದ ಹೆಂಗಸೇ ಬೇರೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮೇಜಿನ ಮೇಲೆ ಅಂಗೈ ಊರಿ, ಡೆನಿಸನ್‌ನ ಕಣ್ಣಲ್ಲಿ ಕಣ್ಣಿಟ್ಟಳು.

“ಏನ್ ಸಾರ್, ಬಂದಾಗಿನಿಂದ ಎಲ್ಲರೂ ಕೂತ್ಕೊಳ್ಳಿ ಕೂತ್ಕೊಳ್ಳಿ ಅಂತಿದೀರಲ್ಲ, ಕೂತ್ಕೊಳ್ಳೋಕಾ ನಾನು ಇಷ್ಟು ದೂರ ಬಂದಿರೋದು? ನನ್ನ ಮಗಳು ಎಲ್ಲಿ? ನಿಮಗೆ ಗೊತ್ತಿಲ್ಲ ಅಂದ್ರೆ ಗೊತ್ತಿರೋರನ್ನ ಕರೀರಿ. ಅವಳು ಸಿಗೋ ತನಕ ನಾನು ಇಲ್ಲಿಂದ ಕದಲಲ್ಲ. ಏನ್ ಮಾಡ್ತೀರೋ ಮಾಡಿ!”

ಬೆನ್ನು ನೆಟ್ಟಗೆ ನಿಂತಿತ್ತು. ಈಗ ಡೆನಿಸನ್‌ನ ಸರದಿ. ಕುರ್ಚಿಯಲ್ಲಿದ್ದವನು ತನಗೇ ಗೊತ್ತಿಲ್ಲದೆ ಎದ್ದು ನಿಂತುಬಿಟ್ಟಿದ್ದ. ಡಾನಾ ಸ್ವಲ್ಪ ಹೊತ್ತು ಹಾಗೇ ಬಿಟ್ಟು, ಆಮೇಲೆ ಕಟ್ ಹೇಳಿದಳು. “ಇದೇ. ಇದನ್ನೇ ಇಟ್ಟುಕೊಳ್ಳುತ್ತೇವೆ. ವಾಲ್ಟರ್, ನೀವು ಎದ್ದು ನಿಂತದ್ದೂ ಇರಲಿ.”

ಮೋರಿ-ಸಾನ್ ಗಂಟಲು ಸರಿಮಾಡಿಕೊಂಡು, ಎಲ್ಲರಿಗೂ ಕೇಳುವಂತೆ ಕೂಗಿದ. “ಮಿಸೆಸ್ ರಾವ್ ಪಾತ್ರ ಮಾಡಿದ ಮಾರತಿ-ಸಾನ್, ಇಲ್ಲಿಗೆ ಪೂರ್ತಿಯಾಯಿತು!” ಹೆಸರಿನಲ್ಲಿ ಒಂದಕ್ಷರ ಅತ್ತಿತ್ತಾದರೂ ಅದು ಅವಳದೇ ಹೆಸರು. ಲೈಟಿನವರು, ಬಟ್ಟೆಯವರು, ಟೀ ಕೊಡುವವರು ಚಪ್ಪಾಳೆ ತಟ್ಟಿದರು. ಹೂಗುಚ್ಛವನ್ನು ತಾನೇ ಕೈಗೆತ್ತಿಕೊಂಡು ತಂದವನು ಡೆನಿಸನ್. “ನನ್ನ ಮೊದಲ ಮಾತಿಗೆ ಯಾರೂ ಎದ್ದು ನಿಂತಿರಲಿಲ್ಲ” ಎಂದ.

ಮಾಲತಿಗೆ ಹೆಮ್ಮೆ ಎದೆಯಲ್ಲಿ ಹಿಡಿಸಲಿಲ್ಲ. ಹಿಂದೆ, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದ ಇಂಚರಾ ಪಕ್ಕದಲ್ಲಿದ್ದ ಜಪಾನಿ ಹುಡುಗಿಯ ಕಡೆ ತಿರುಗಿ ಕನ್ನಡದಲ್ಲೇ ಕೂಗಿ ಹೇಳುತ್ತಿದ್ದಳು, “ನಮ್ಮಮ್ಮ! ಅವಳು ನಮ್ಮಮ್ಮ!” ಆ ಹುಡುಗಿಗೆ ಏನು ತಿಳಿಯಿತೋ, ಅವಳೂ ಜೋರಾಗಿ ತಲೆಯಾಡಿಸಿದಳು.

ಮಾಲತಿ ಹೂಗುಚ್ಛವನ್ನು ಎರಡೂ ಕೈಗಳಿಂದ ಎದೆಗವಚಿಕೊಂಡಳು. ಒಂದು ಸುತ್ತು ಎಲ್ಲರ ಮುಖ ನೋಡಿದಳು. ಆಮೇಲೆ, ಬೇಕೆಂದೇ, ಹೂವಿನೊಳಗೆ ಮುಖ ಮುಚ್ಚಿಹೋಗುವಷ್ಟು ಬಗ್ಗಿದಳು. ಈ ಸಲ ಯಾರೂ ಕಟ್ ಹೇಳಲಿಲ್ಲ.