ಅಜ್ಜಿ ಕೇಳಿದ ಪ್ರಶ್ನೆ

ಅವರ ರೆಪ್ಪೆಗೂದಲು ಯಾವಾಗಲೂ ಬೂದು ಬಣ್ಣಕ್ಕಿರುತ್ತಿತ್ತು. ವಯಸ್ಸಿನಿಂದಲ್ಲ, ರಾಗಿ ಹಿಟ್ಟಿನಿಂದ. ಯಲಹಂಕದ ಹಳೆಯ ಊರಿನಲ್ಲಿ ಆಕೆಯದೊಂದು ಫ್ಲೋರ್ ಮಿಲ್ ಇತ್ತು. ಗಿರಾಕಿಗಳ ಡಬ್ಬಗಳು ಸಾಲಾಗಿ ಕೂತಿರುವಾಗ, ಬೆಲ್ಟು ಪಟಪಟ ಹೊಡೆದುಕೊಳ್ಳುವ ಸದ್ದಿನಲ್ಲೇ, ಗೋಡೆಗೆ ಒರಗಿ ನಿಂತು ಅವರು ಕಥೆ ಬರೆಯುತ್ತಿದ್ದರು. ಎಂಥ ಕಥೆ ಅಂತೀರಿ? ಅನ್ಯಗ್ರಹದವರ ಕಥೆ.

ನಾನಾಗ ಯಶವಂತಪುರದಲ್ಲಿ, ಪಾತ್ರೆ ಅಂಗಡಿಯೊಂದರ ಮೇಲಿನ ಕೋಣೆಯಿಂದ, ವಿಜ್ಞಾನ ಕಥೆಗಳ ಮಾಸಪತ್ರಿಕೆ ಹೊರಡಿಸುತ್ತಿದ್ದೆ. ಅವರ ಹಸ್ತಪ್ರತಿ ಬಿಚ್ಚಿದರೆ ಮಡಿಕೆಗಳಿಂದ ಹಿಟ್ಟು ಮೇಜಿನ ಮೇಲೆ ಉದುರುತ್ತಿತ್ತು. ಬೆನ್ನ ಹಿಂದೆ ನಾನು ಅವರನ್ನು ‘ಹಿಟ್ಟಮ್ಮ’ ಅನ್ನುತ್ತಿದ್ದೆ. ಆಫೀಸಿನವರು ನಗುತ್ತಿದ್ದರು. ನಗಲಿ ಎಂದೇ ಅನ್ನುತ್ತಿದ್ದೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಅವರು ಓದಿದ್ದು ಏಳನೇ ಕ್ಲಾಸು. ಆದರೆ ರಾಗಿ ಹಾಕಿಸಲು ಬರುವ ಕಾಲೇಜು ಹುಡುಗಿಯರನ್ನು ನಿಲ್ಲಿಸಿಕೊಂಡು, ಬೆಳಕಿನ ವೇಗದಿಂದ ಹಿಡಿದು ಗುರುಗ್ರಹದ ಚಂದ್ರರವರೆಗೆ ಎಲ್ಲ ಕೇಳಿ ತಿಳಿದುಕೊಳ್ಳುತ್ತಿದ್ದರು. ಹಿಟ್ಟು ನುಣ್ಣಗಾಗಿದೆಯೇ ಎಂದು ಹೆಬ್ಬೆರಳು, ತೋರುಬೆರಳ ನಡುವೆ ಉಜ್ಜಿ ನೋಡುವ ಅಭ್ಯಾಸ ಅವರದು. ಕಥೆಯ ಮಾತು ಬಂದಾಗಲೂ ಆ ಬೆರಳುಗಳು ಆಡುತ್ತಲೇ ಇರುತ್ತಿದ್ದವು. “ಕತೆನೂ ಇಂಗೇ ಉಜ್ಜಿ ನೋಡ್ಬೇಕು ಸಾ. ತರಿ ಇದ್ರೆ ಕೈಗೇ ಸಿಗುತ್ತೆ” ಅನ್ನುತ್ತಿದ್ದರು.

ಅವರ ಮೊದಲ ಕಥೆಯನ್ನು ಒಂದೇ ಉಸಿರಿಗೆ ಓದಿದ್ದೆ. ಹುಣಸಮಾರನಹಳ್ಳಿ ಅವರ ತವರು. ಅಲ್ಲಿನ ಕೆರೆಯಂಗಳಕ್ಕೆ ಮುಸ್ಸಂಜೆಯ ಹೊತ್ತು ಆಕಾಶದಿಂದ ಒಂದು ನೌಕೆ ಇಳಿಯುತ್ತದೆ. ಎದುರಿಗಿರುವುದು ಕುರಿ ಮೇಯಿಸುವ ಒಬ್ಬ ಅಜ್ಜಿ ಮಾತ್ರ. “ಕುರಿ ಬೆದರ್ತವೆ, ಆ ದೀಪ ಆರ್ಸಪ್ಪ” ಎಂದು ಗದರುತ್ತಾಳೆ. ಆಮೇಲೆ ನೌಕೆಯಿಂದ ಇಳಿದವನನ್ನು ಒಂದು ಪ್ರಶ್ನೆ ಕೇಳುತ್ತಾಳೆ. ಉತ್ತರ ತಿಳಿಯದೆ ಅವನು ಕೆರೆ ಏರಿಯ ಮೇಲೆ ಕೂತುಬಿಡುತ್ತಾನೆ. ಇಡೀ ಕಥೆ ನಿಂತಿದ್ದೇ ಆ ಪ್ರಶ್ನೆಯ ಮೇಲೆ.

ಚೆನ್ನಾಗಿದೆ ಅಂತ ನನಗೆ ಗೊತ್ತಾಗಿತ್ತು. ಗೊತ್ತಿದ್ದೂ ಕೆಂಪು ಪೆನ್ನು ಎತ್ತಿಕೊಂಡೆ. ವಿಜ್ಞಾನ ಕಥೆಯೆಂದರೆ ಅಮೆರಿಕದಲ್ಲೇ ನಡೆಯಬೇಕು, ವಿಜ್ಞಾನಿಗೆ ಇಂಗ್ಲಿಷ್ ಹೆಸರೇ ಇರಬೇಕು ಎಂದು ನಂಬಿದ್ದ ಕಾಲ ಅದು. ಅಲ್ಲ, ನಂಬಿದ್ದವನು ನಾನು, ಕಾಲದ ತಲೆಗೆ ಕಟ್ಟುವುದು ಬೇಡ. ಕೆರೆಯಂಗಳವನ್ನು ಅಮೆರಿಕದ ಮರಳುಗಾಡು ಮಾಡಿದೆ. ಅಜ್ಜಿಯನ್ನು ಡಾಕ್ಟರ್ ಸ್ಮಿತ್ ಎಂಬ ಗಂಡಸು ವಿಜ್ಞಾನಿ ಮಾಡಿದೆ. ಅವಳ ಪ್ರಶ್ನೆಯನ್ನು ಹೊಡೆದುಹಾಕಿ, ‘ನೀವು ಯಾವ ಗ್ರಹದಿಂದ ಬಂದಿದ್ದೀರಿ?’ ಎಂದು ಬರೆದೆ.

ಪತ್ರಿಕೆ ಹೊರಬಂದ ವಾರವೇ ಅವರು ಬಸ್ಸು ಹಿಡಿದು ಬಂದರು.

“ಸಾ, ನಮ್ಮಜ್ಜಿ ಎಲ್ಲೋದ್ಲು?”

“ಹುಣಸಮಾರನಹಳ್ಳಿಗೆ ಹಾರುವ ತಟ್ಟೆ ಬಂತು ಅಂದ್ರೆ ಯಾರಮ್ಮ ನಂಬ್ತಾರೆ?”

“ಆರೋ ತಟ್ಟೆನ ನಂಬೋರು ನಮ್ಮಜ್ಜಿನ ನಂಬಲ್ವಾ?”

ಅವರು ಪುಟದ ಒಂದು ಸಾಲಿನ ಮೇಲೆ ಬೆರಳಿಟ್ಟು, “ಮರಳುಗಾಡಲ್ಲಿ ಕಪ್ಪೆ ವಟಗುಟ್ತವಾ ಸಾ?” ಅಂದರು. ಕೆರೆ ತೆಗೆದ ನಾನು ಕೆರೆಯ ಕಪ್ಪೆಗಳನ್ನು ತೆಗೆಯಲು ಮರೆತಿದ್ದೆ. “ಅದೆಲ್ಲ ಓದುಗರು ನೋಡಲ್ಲ ಬಿಡಿ” ಎಂದು ಗಡಿಯಾರದ ಕಡೆ ತಿರುಗಿದೆ.

ಆಮೇಲೆ ಅವರೇ ಜಾನ್, ಮೇರಿ ಅಂತ ಬರೆಯತೊಡಗಿದರು. “ಅಲ್ಲಿ ಬೆಳಿಗ್ಗೆ ಏನ್ ತಿಂತಾರೆ ಸಾ?” ಎಂದು ಕೇಳುತ್ತಿದ್ದರು. ನಾನೇನು ಕಂಡಿದ್ದೆ? ವಿಮಾನ ಹತ್ತಿದವನೇ ಅಲ್ಲ. “ಬ್ರೆಡ್ಡು” ಅಂದೆ. ಅವರ ಕಥೆಗಳಲ್ಲಿ ಎಲ್ಲರೂ ಮೂರು ಹೊತ್ತೂ ಬ್ರೆಡ್ಡು ತಿಂದರು. ನಾಲ್ಕೈದು ಕಥೆ ಬಂದವು, ಒಂದೂ ಮೊದಲಿನದರ ಹತ್ತಿರ ಸುಳಿಯಲಿಲ್ಲ. ಕೊನೆಗೆ ಬರುವುದೇ ನಿಂತಿತು. ಯಾಕಮ್ಮ ಎಂದು ನಾನೊಂದು ಕಾರ್ಡೂ ಹಾಕಲಿಲ್ಲ.

ಪತ್ರಿಕೆ ಮುಚ್ಚಿತು. ನಾನು ಪುಸ್ತಕ ಪ್ರಕಾಶನಕ್ಕೆ ಇಳಿದೆ, ಹೆಸರು ಬಂತು. ಹತ್ತಿರದಲ್ಲೇ ವಿಮಾನ ನಿಲ್ದಾಣ ಬಂದು, ಹುಣಸಮಾರನಹಳ್ಳಿಯ ನೆತ್ತಿಯ ಮೇಲೆ ದಿನವಿಡೀ ವಿಮಾನಗಳು ಹಾರತೊಡಗಿದವು. ಮೂರು ವರ್ಷದ ಹಿಂದೆ ಆರ್.ಟಿ. ನಗರದ ಸಭೆಯೊಂದರಲ್ಲಿ ನನಗೆ ಸನ್ಮಾನ. ಶಾಲು ಹೊದ್ದು, ನಮ್ಮ ವಿಜ್ಞಾನ ಕಥೆ ನಮ್ಮ ಕೆರೆಯಂಗಳದಲ್ಲೇ ಇಳಿಯಬೇಕು ಎಂದು ಭಾಷಣ ಬಿಗಿದೆ. ಚಪ್ಪಾಳೆಯೋ ಚಪ್ಪಾಳೆ. ವೇದಿಕೆ ಇಳಿದರೆ, ಕೊನೆಯ ಸಾಲಿನಿಂದ ಅವರು ಎದ್ದು ಬರುತ್ತಿದ್ದಾರೆ. ಪೇಪರಿನಲ್ಲಿ ನೋಡಿ ಬಂದಿದ್ದರಂತೆ. “ಚೆನ್ನಾಗ್ ಮಾತಾಡಿದ್ರಿ ಸಾ” ಅಂದರು. ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು.

ಮರುವಾರ ಮಿಲ್ಲಿಗೆ ಹೋದೆ. ಆ ಕಥೆಯನ್ನು ಮೊದಲಿದ್ದ ಹಾಗೇ ಪುಸ್ತಕಕ್ಕೆ ಹಾಕುತ್ತೇನೆ, ಪ್ರತಿ ಇದೆಯೇ ಎಂದೆ.

“ಇದ್ದಿದ್ದು ಒಂದೇ ಸಾ. ನಿಮ್ಗೇ ಕೊಟ್ಟಿದ್ನಲ್ಲ.”

ಅಚ್ಚಾದ ಮರುದಿನವೇ ಅದು ರದ್ದಿಗೆ ಹೋಗಿತ್ತು. ಹಾಗಾದರೆ ಮತ್ತೆ ಬರೆಯಿರಿ ಎಂದೆ.

“ಎಷ್ಟೋ ಸಲ ಕೂತೆ ಸಾ. ಕಣ್ ಮುಚ್ಚಿದ್ರೆ ಆ ಸ್ಮಿತ್ತೇ ಬಂದ್ ನಿಂತ್ಕೋತಾನೆ.”

“ಹೋಗ್ಲಿ, ಅಜ್ಜಿ ಏನ್ ಕೇಳ್ತಾಳೆ, ಅದಾದ್ರೂ ಹೇಳಿ.”

ಅವರು ಬೆರಳು ಉಜ್ಜಿಕೊಳ್ಳುತ್ತಾ ನನ್ನನ್ನೇ ನೋಡಿದರು. “ಒಡ್ದಾಕಿದ್ದು ನೀವಲ್ವಾ ಸಾ. ನೀವೇ ನೆನಪಿಟ್ಕೋಬೇಕಿತ್ತು.”

ಅವರಿಗೆ ಮರೆತಿತ್ತೋ, ನನಗೆ ಹೇಳಬಾರದು ಅನ್ನಿಸಿತೋ, ತಿಳಿಯಲಿಲ್ಲ. ಹೊರಡುವಾಗ ಒಂದು ಪೊಟ್ಟಣ ರಾಗಿ ಹಿಟ್ಟು ಕಟ್ಟಿಕೊಟ್ಟರು.

ಹೋದ ವರ್ಷ ಅವರು ತೀರಿಕೊಂಡರು. ನನಗೆ ಗೊತ್ತಾಗಿದ್ದೇ ತಿಂಗಳು ಕಳೆದ ಮೇಲೆ. ಈಗ ಹಳೆಯ ಸಂಚಿಕೆಯನ್ನು ಮುಂದಿಟ್ಟುಕೊಂಡು, ಆ ಕಥೆಯನ್ನು ನಾನೇ ಸರಿಪಡಿಸಲು ಕೂತಿದ್ದೇನೆ. ಮರಳುಗಾಡು ಅಳಿಸಿ ಕೆರೆಯಂಗಳ ಬರೆದಾಯಿತು, ಸ್ಮಿತ್ ಹೋಗಿ ಅಜ್ಜಿ ಬಂದಾಯಿತು. ಕಪ್ಪೆಗಳು ಹೇಗೂ ತಮ್ಮ ಜಾಗದಲ್ಲೇ ಇದ್ದವು. ಕುರಿ ಬೆದರುವ ಮಾತು ನೆನಪಿದೆ. ಅದರ ಮುಂದಿನ ಸಾಲು ಮಾತ್ರ, ಎಷ್ಟು ತಲೆ ಕೆರೆದುಕೊಂಡರೂ ಹೊಳೆಯುತ್ತಿಲ್ಲ. ಅದರ ಮೇಲೆ ನಾನೆಳೆದ ಕೆಂಪು ಗೆರೆ ಕಣ್ಣಿಗೆ ಕಟ್ಟಿದ ಹಾಗಿದೆ, ಗೆರೆಯ ಕೆಳಗಿನ ಅಕ್ಷರ ಒಂದೂ ಕಾಣುವುದಿಲ್ಲ. ಆ ಸಾಲನ್ನು ಖಾಲಿ ಬಿಟ್ಟಿದ್ದೇನೆ. ಅಡಿಯಲ್ಲಿ ‘ಇಲ್ಲಿದ್ದ ಪ್ರಶ್ನೆಯನ್ನು ಹೊಡೆದುಹಾಕಿದವನು ಸಂಪಾದಕ’ ಎಂದು ಬರೆದು ನನ್ನ ಹೆಸರು ಹಾಕಿದ್ದೇನೆ.