ಹಿತ್ತಲ ಗೋಡೆ ದಾಟಿದ ಕಾವಿನ ಬುಟ್ಟಿ

ಆದವಾನಿಗೆ ಕಾಲಿಟ್ಟ ದಿನವೇ ನನ್ನ ಕೋಳಿಗೊಂದು ಮನೆ ಸಿಕ್ಕಿತೆಂದು ಹಿಗ್ಗಿದ್ದೆ. ಬಾಡಿಗೆ ಮನೆಯ ಮಾಲೀಕರಾದ ಖಾದರ್ ಸಾಹೇಬರು ನನ್ನ ಕೈಲಿದ್ದ ಬುಟ್ಟಿಯನ್ನು ನೋಡಿ, "ಮುರ್ಗಿ ಇಲ್ಲಿ ಮನಾ ಐತಮ್ಮಾ" ಎಂದರು. ಮದ್ದೂರಿನ ಕಡೆಯ ನನ್ನ ಕಿವಿಗೆ ಅದು 'ಮನೆ ಐತೆ' ಎಂದೇ ಕೇಳಿಸಿತು. ಸಂತೋಷದಿಂದ ಹಿತ್ತಲಿಗೆ ಹೋಗಿ ಗೂಡು ಎಲ್ಲಿದೆಯೆಂದು ಹುಡುಕತೊಡಗಿದೆ. ನಮ್ಮವರು ಹಿಂದೆಯೇ ಬಂದು ಅರ್ಥ ಬಿಡಿಸಿ ಹೇಳಿದರು. ಮನಾ ಎಂದರೆ ಇಲ್ಲಿಯ ಉರ್ದು ಬೆರೆತ ಮಾತಿನಲ್ಲಿ ಕೂಡದು ಎಂದು. ಪೇಟೆಯ ಬೀದಿಗಳಲ್ಲಿ ಕೋಳಿ ಸಾಕಬಾರದೆಂದು ಪುರಸಭೆಯ ಕಟ್ಟಳೆಯಂತೆ.

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಮ್ಮೂರಲ್ಲಿ ಕೋಳಿಯಿಲ್ಲದ ಅಂಗಳವನ್ನು ನಾನು ಕಂಡವಳಲ್ಲ. ಅದೂ ಇದು ಸಾಮಾನ್ಯ ಕೋಳಿಯಲ್ಲ. ಅವ್ವ ತೀರಿಕೊಂಡ ಮೇಲೆ ಅವಳು ಸಾಕಿದ್ದ ಕೋಳಿಗಳನ್ನೆಲ್ಲ ಅತ್ತಿಗೆಯಂದಿರು ಹಂಚಿಕೊಂಡರು. ನನ್ನ ಪಾಲಿಗೆ ಬಂದದ್ದು ಈ ಕೆಂಚು ಹ್ಯಾಟೆಯೊಂದೇ. ಗುಂತಕಲ್ಲಿನಲ್ಲಿ ಗಾಡಿ ಬದಲಿಸುವಾಗ ಟ್ರಂಕನ್ನು ನಮ್ಮವರ ಕೈಗೆ ಕೊಟ್ಟು ಅದನ್ನು ಮಾತ್ರ ನಾನೇ ಹಿಡಿದುಕೊಂಡು ಬಂದಿದ್ದೆ.

ನಮ್ಮವರು ಹತ್ತಿ ಮಿಲ್ಲಿನಲ್ಲಿ ಫಿಟ್ಟರು. ಬೇರೆ ಮನೆ ಸಿಗುವುದು ಕಷ್ಟವಿತ್ತು. ಸಾಹೇಬರು ಸ್ವಲ್ಪ ಹೊತ್ತು ಗಡ್ಡ ನೀವಿಕೊಂಡು, "ನಾ ಏನೂ ನೋಡಿಲ್ಲ. ಆದ್ರ ಪುರಸಭೆಯವ್ರು ನೋಡಿದ್ರ ನೀವು ಮನಿ ಖಾಲಿ ಮಾಡಬೇಕಾಗತೈತಿ" ಎಂದು ಹೇಳಿ ಹೊರಟುಹೋದರು. ಹುಂಜವಾಗಿದ್ದರೆ ಕೂಗಿ ಊರಿಗೆಲ್ಲ ಸಾರುತ್ತಿತ್ತು. ಒಂಟಿ ಹೆಣ್ಣು ಕೋಳಿ, ಹಿತ್ತಲ ಮೂಲೆಯಲ್ಲಿ ಸದ್ದಿಲ್ಲದೆ ನನ್ನ ಹಾಗೆಯೇ ದಿನ ತಳ್ಳಿತು.

ಇಲ್ಲಿ ಎಲ್ಲವೂ ಬೇರೆ. ನಮ್ಮಲ್ಲಿ ನಾಲೆಯ ನೀರಿಗೆ ಕಾಲಿಳಿಬಿಟ್ಟು ಬಟ್ಟೆ ಒಗೆದವಳು, ಇಲ್ಲಿ ಬಾವಿಕಟ್ಟೆಯಲ್ಲಿ ಸರದಿಗೆ ಕಾಯುವುದನ್ನು ಕಲಿತೆ. ರಾಗಿ ಸಿಗದೆ ಜೋಳದ ರೊಟ್ಟಿ ಬಡಿಯಲು ಹೋಗಿ ಎಷ್ಟೋ ಹಿಟ್ಟು ಕೆಡಿಸಿದೆ. ಮಾರುಕಟ್ಟೆಯಲ್ಲಿ ಕನ್ನಡದಲ್ಲಿ ಶುರುವಾದ ಮಾತು ತೆಲುಗಿನಲ್ಲಿ ಮುಗಿಯುತ್ತಿತ್ತು. ನಡುವೆ ಅದು ನನ್ನ ಕೈಬಿಟ್ಟದ್ದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಪಕ್ಕದ ಮನೆಯಲ್ಲಿದ್ದವರು ಪದ್ಮಾವತಮ್ಮ. ವಯಸ್ಸಾದ ವಿಧವೆ, ಕಟ್ಟಾ ಮಾಧ್ವರು. ಮಗ ತಾಲೂಕು ಕಚೇರಿಯಲ್ಲಿ ಗುಮಾಸ್ತ. ನಮ್ಮಿಬ್ಬರ ಹಿತ್ತಲುಗಳ ನಡುವೆ ಎದೆಮಟ್ಟದ ಕಲ್ಲುಗೋಡೆ. ಮಡಿಯುಟ್ಟು ನೀರು ಸೇದುವಾಗ ಅವರು ನನ್ನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಕೋಳಿಯ ವಿಷಯ ಅವರಿಗೆ ಗೊತ್ತಿತ್ತು. ಎಂದಾದರೂ ಇವರೇ ದೂರು ಕೊಡುತ್ತಾರೆಂದು ನಾನು ಹೆದರಿಕೊಂಡಿದ್ದೆ.

ನನ್ನೊಂದಿಗೆ ಬಾಯಿತುಂಬ ಮಾತಾಡುತ್ತಿದ್ದವಳು ಸೌದೆ ಮಾರುವ ಎಲ್ಲಮ್ಮ ಒಬ್ಬಳೇ. ಚಿಪ್ಪಗಿರಿಯ ಹುಡುಗಿ, ಆದವಾನಿಯ ಹೊರಗಿನ ಹಳ್ಳಿಯೊಂದಕ್ಕೆ ಸೊಸೆಯಾಗಿ ಬಂದವಳು. ನಾನು ಬಸುರಾಗಿ ಆರು ತಿಂಗಳು ತುಂಬಿದ ಹೊತ್ತಿಗೆ ಕೋಳಿಯೂ ರೆಕ್ಕೆ ಕೆದರಿಕೊಂಡು ಮೂಲೆ ಹಿಡಿದು ಕೂತಿತು. ಎಲ್ಲಮ್ಮ ನೋಡಿದವಳೇ, "ಕೋಡಿಪೆಟ್ಟ ಕಾವಿಗೆ ಬಂದೈತಕ್ಕಾ. ಗಂಡಿಲ್ಲದ ತತ್ತಿ ಮರಿ ಆಗತಾವೇನು? ನಮ್ಮ ಮನಿ ತತ್ತಿ ತರತೀನಿ ತಾಳು" ಎಂದಳು. ಕೋಡಿಪೆಟ್ಟ ಎಂದರೆ ತೆಲುಗಿನಲ್ಲಿ ಹೆಣ್ಣು ಕೋಳಿ. ಮಾರನೆಯ ದಿನ ಅರಳೆಯಲ್ಲಿ ಸುತ್ತಿ ಮೊಟ್ಟೆ ತಂದಳು. ಬುಟ್ಟಿಗೆ ಹುಲ್ಲು ಹಾಸಿ ಕಾವಿಗೆ ಇಟ್ಟೆವು. ಮರಿಯಾದರೆ ಅರ್ಧ ಅವಳಿಗೆ, ಅರ್ಧ ನನಗೆ ಎಂದು ಮಾತಾಯಿತು.

ಎರಡು ವಾರ ಕಳೆದಿರಬೇಕು. ಒಂದು ಬೆಳಿಗ್ಗೆ ಎಲ್ಲಮ್ಮ ಸೌದೆ ಹೊರೆಯೊಂದಿಗೆ ಓಡಿಬಂದಳು. "ಅಕ್ಕಾ, ಪುರಸಭೆ ಮೇಸ್ತ್ರಿ ಬೀದಿಗೆ ಬಂದಾನ. ನಿಮ್ಮ ಮನಿ ಯಾವುದಂತ ಕೇಳಾಕ ಹತ್ಯಾನ!"

ಯಾರೋ ದೂರು ಕೊಟ್ಟಿದ್ದರು. ನಮ್ಮವರು ಮಿಲ್ಲಿನಲ್ಲಿ. ಕೋಳಿ ಸಮೇತ ಬುಟ್ಟಿಯೆತ್ತಿ ಹಿತ್ತಲಲ್ಲಿ ಅತ್ತಿಂದಿತ್ತ ತಿರುಗಿದೆ. ಬಚ್ಚಿಡಲು ಒಂದು ಸಂದೂ ಇರಲಿಲ್ಲ. ಆಗ ಗೋಡೆಯಾಚೆಯಿಂದ ದನಿ ಬಂತು.

"ಇತ್ತ ಕೊಡು."

ಪದ್ಮಾವತಮ್ಮ ಎರಡೂ ಕೈ ಚಾಚಿ ನಿಂತಿದ್ದರು. ಉಟ್ಟದ್ದು ಮಡಿ, ತಲೆಯ ಮೇಲೆ ಒದ್ದೆ ಸೆರಗು.

"ಅಮ್ಮಾ, ನೀವು ಮಡೀಲಿ..."

"ಮಡಿ ಮತ್ತ ಉಟಗೋಬಹುದು. ಕೊಡು ಅಂದ್ರ ಕೊಡು."

ಬುಟ್ಟಿ ಗೋಡೆ ದಾಟಿತು. ಅದನ್ನವರು ತಮ್ಮ ಸೌದೆ ಕೊಟ್ಟಿಗೆಯಲ್ಲಿ ಇಟ್ಟದ್ದು ಕಂಡಿತು. ಅಷ್ಟರಲ್ಲಿ ಮೇಸ್ತ್ರಿ ಬಾಗಿಲು ಬಡಿದ. ಹಿತ್ತಲಿಗೆ ಬಂದು ನೆಲದ ಮೇಲಿನ ಪುಕ್ಕ ನೋಡಿದ, ಮೂಲೆಯ ಹಿಕ್ಕೆ ನೋಡಿದ, ನನ್ನ ಹೊಟ್ಟೆಯ ಕಡೆಗೂ ನೋಡಿದ. ಗೋಡೆಯಾಚೆ ಕೋಳಿ ಒಮ್ಮೆ ಕೊಕ್ ಎಂದಿತು. ಅವನು ಗೋಡೆಯ ಹತ್ತಿರ ಹೋಗಿ ಇಣುಕಿದ.

"ಅಮ್ಮಾರೆ, ನಿಮ್ಮ ಹಿತ್ತಲದಾಗ..."

"ಏನಪಾ," ಎಂದರು ಪದ್ಮಾವತಮ್ಮ, "ಆಚಾರ್ಯರ ಮನಿಯಾಗ ಕೋಳಿ ಹುಡುಕಲಿಕ್ಕೆ ಬಂದೀಯೇನು? ಬಾ. ಸ್ನಾನ ಮಾಡಿ ಬಾ, ದೇವರ ಮನಿ ತನಕ ತೋರಸ್ತೀನಿ."

ಮೇಸ್ತ್ರಿ ತಕ್ಷಣ ಕೈಮುಗಿದ. "ತಪ್ಪಾತ್ರಿ ಅಮ್ಮಾರೆ." ಬಾಗಿಲು ದಾಟುವಾಗ ನನ್ನ ಕಡೆ ತಿರುಗಿ ತಗ್ಗಿದ ದನಿಯಲ್ಲಿ ಹೇಳಿದ: "ಮರಿ ಆದ ಮ್ಯಾಲ ಊರ ಹೊರಗ ಸಾಗಿಸಿಬಿಡ್ರಿ ತಾಯಿ. ಮುಂದಿನ ಸಲ ನಾ ಬರತೀನೋ, ಬ್ಯಾರೆಯವ್ರು ಬರತಾರೋ."

ಅವನು ಹೋದ ಮೇಲೆ ಗೋಡೆಯ ಬಳಿ ನಿಂತು ಅತ್ತೆ. ಪದ್ಮಾವತಮ್ಮ ಆಗಲೇ ತಲೆಯ ಮೇಲೆ ಕೊಡದಿಂದ ನೀರು ಸುರಿದುಕೊಳ್ಳುತ್ತಿದ್ದರು. "ಅಳಬ್ಯಾಡ. ನೀನೂ ಬಸುರಿ, ಅದೂ ಕಾವಿಗೆ ಕೂತದ. ಇಬ್ಬರನ್ನೂ ಎಬ್ಬಿಸಿ ಕಳಿಸೋ ಪಾಪ ನನಗ್ಯಾಕ?" ಎಂದರು.

ಮರಿಗಳು ಅವರ ಸೌದೆ ಕೊಟ್ಟಿಗೆಯಲ್ಲೇ ಒಡೆದು ಬಂದವು. ಅವರು ದೂರ ನಿಂತು ನುಚ್ಚು ಎರಚುತ್ತಿದ್ದರಂತೆ. ಮಗನಿಗೆ ಗುಬ್ಬಿಗೆಂದು ಹೇಳಿದ್ದರಂತೆ. ಮರಿಗಳಿಗೆ ಪುಕ್ಕ ಮೂಡುತ್ತಲೇ ಎಲ್ಲಮ್ಮ ತಾಯಿಯ ಸಮೇತ ಎಲ್ಲವನ್ನೂ ತನ್ನ ಹಳ್ಳಿಗೆ ಒಯ್ದಳು. ಅಲ್ಲಿ ಕಟ್ಟಳೆಯಿರಲಿಲ್ಲ. ಅವಳು ಬುಟ್ಟಿ ಹೊತ್ತು ಬೀದಿಯ ತಿರುವಿನಲ್ಲಿ ಮರೆಯಾದಾಗ, ಅವ್ವನನ್ನು ಇನ್ನೊಮ್ಮೆ ಕಳುಹಿಸಿಕೊಟ್ಟಂತಾಯಿತು.

ಆದರೆ ಆ ಕೋಳಿಗಳ ನೆಪದಲ್ಲಿ ನನಗೆ ಇಲ್ಲಿ ಹೋಗಿಬರಲು ಒಂದು ಮನೆಯಾಯಿತು. ಅವ್ವನಿಲ್ಲದ ಮೇಲೆ ಹೆರಿಗೆಗೆ ತವರಿರಲಿಲ್ಲ, ಬಾಣಂತನ ಮಾಡಿದವಳು ಎಲ್ಲಮ್ಮ. ಪದ್ಮಾವತಮ್ಮ ಗೋಡೆಯ ಮೇಲೆ ಮಂತ್ರಾಲಯದ ಮಂತ್ರಾಕ್ಷತೆಯ ಪೊಟ್ಟಣವಿಟ್ಟು, "ಕೂಸಿನ ತಲೀಮ್ಯಾಲ ಹಾಕು" ಎಂದು ಕೂಗಿ ಹೇಳಿ ಒಳಗೆ ಹೋದರು. ಭಾನುವಾರಗಳಲ್ಲಿ ಮಗಳನ್ನು ಸೊಂಟಕ್ಕೇರಿಸಿಕೊಂಡು ಎಲ್ಲಮ್ಮನ ಹಳ್ಳಿಗೆ ನಡೆಯುತ್ತೇನೆ. ಅಲ್ಲಿಯ ಕೋಳಿಗಳಲ್ಲಿ ಅವ್ವನ ಕೆಂಚು ಬಣ್ಣ ಅಲ್ಲೊಂದು ಇಲ್ಲೊಂದು ಕಾಣುತ್ತದೆ.

ರಾಜ್ಯಗಳ ಗಡಿ ಗೆರೆ ಎಳೆದಾಗ ಬಳ್ಳಾರಿ ಮೈಸೂರಿಗೆ ಹೋಯಿತು, ಅದೇ ಜಿಲ್ಲೆಯಲ್ಲಿದ್ದ ಆದವಾನಿ ಆಂಧ್ರಕ್ಕೆ ಸೇರಿತು. ಮೊನ್ನೆ ಮಗಳೊಂದಿಗೆ ಮದ್ದೂರಿನ ಕಡೆಗೆ ಹೋಗಿದ್ದೆ. ಅಂಗಳದ ಕೋಳಿ ಕಂಡು ಮಗಳು "ಕೋಡಿ, ಕೋಡಿ" ಎಂದು ಕುಣಿದಳು. ಅತ್ತಿಗೆ, "ಯಾವ ಕೆರೆ ಕೋಡಿ ಬಿತ್ತವ್ವಾ?" ಎಂದು ನಗಾಡಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಹೊರಡುವಾಗ ಅಣ್ಣ ಕೇಳಿದ: "ನಿಮ್ಮೂರ್ ಕಡೆ ಮಳೆ ಆಯ್ತಾ?"

ತಿರುಗಿ ಬಂದ ದಿನ ಎಲ್ಲಮ್ಮ ಸೌದೆ ಇಳಿಸುತ್ತ ಕೇಳಿದಳು: "ನಿಮ್ಮ ಊರಾಗ ಎಲ್ಲಾರೂ ಆರಾಮ ಅದಾರೇನಕ್ಕಾ?"

ಅಣ್ಣನಿಗೆ, ಮಳೆ ತಡವಾಯಿತು, ಹತ್ತಿ ಇನ್ನೂ ಮೊಣಕಾಲುದ್ದ ಎಂದಿದ್ದೆ. ಇವಳಿಗೆ ಎಲ್ಲರೂ ಚೆನ್ನಾಗಿದ್ದಾರೆ ಎಂದೆ. ಇಬ್ಬರಿಗೂ ಅದು ನನ್ನೂರಲ್ಲ ಎನ್ನಲು ಬಾಯಿ ಬರಲಿಲ್ಲ.