ಕುರಿಗಳ ಹಿಂದೆ ಮಮದಾಪುರದ ಕೆರೆ ಏರಿ

ಖರ್ಚು ನನ್ನೊಬ್ಬನ ಬಸ್ ಚಾರ್ಜು ಮಾತ್ರ; ಹೆಂಗಸರಿಗೆ ಟಿಕೆಟ್ ಪುಕ್ಕಟೆ, ಹಾಗಾಗಿ ಹೆಂಡತಿಯನ್ನೂ ಹೊರಡಿಸಿದೆ. ಮೊಣಕಾಲು ನೋವಿನಿಂದ ಅವಳು ವರ್ಷದಿಂದ ಅಥಣಿ ರಸ್ತೆಯ ನಮ್ಮ ಬಡಾವಣೆ ದಾಟಿ ನಡೆದಿರಲಿಲ್ಲ. ಮಮದಾಪುರದ ಕೆರೆ ಏರಿಯ ಮೇಲೂ, ನನ್ನ ವೇಗಕ್ಕೆ ಹೆಜ್ಜೆ ಹಾಕಲಾಗದೆ, ಸ್ವಲ್ಪ ದೂರದಲ್ಲೇ ಕೂತುಬಿಟ್ಟಳು.

"ಇನ್ನ ಒಲ್ಲೆರಿ. ಹೊಳ್ಳಿ ಹೋಗೂಣ್ರಿ."

ಅಲ್ಲೇ ಕುರಿ ಮೇಯಿಸುತ್ತಿದ್ದ ಮುದುಕ ನಕ್ಕ. "ಯವ್ವಾ, ಸಾಹೇಬ್ರ ಹಿಂದ ಯಾಕ ಓಡ್ತಿ? ನನ್ನ ಕುರಿ ಹಿಂದ ಬಾ. ಅವು ಮೇಯಾಕ ನಿಂತಾಗ ನೀನೂ ನಿಲ್ಲು."

ಹಾಗೇ ಮಾಡಿದಳು. ಬಿಸಿಲೇರುವ ಹೊತ್ತಿಗೆ ಏರಿಯ ಆ ತುದಿಯಿಂದ ನನ್ನನ್ನೇ ಕೂಗಿದಳು: "ಲಗೂ ಬರ್ರಿ, ಇಲ್ಲಿ ಇನ್ನೊಂದು ಕೆರಿ ಐತಂತ!"

ನೀವು ಹೋಗುವುದಾದರೆ ಬೆಳಗಿನ ಬಸ್ಸನ್ನೇ ಹಿಡಿಯಿರಿ. ರೊಟ್ಟಿ ನಾಲ್ಕು ಹೆಚ್ಚೇ ಕಟ್ಟಿಕೊಳ್ಳಿ. ಮುದುಕನಿಗೆ ದುಡ್ಡು ಕೊಡಲು ಹೋಗಿ ನನ್ನಂತೆ ಬೈಸಿಕೊಳ್ಳಬೇಡಿ.